ರಕ್ಕಸನಿಗೂ ಒಂದು ವೇಷ

ಕಾಗದ, ಪೆನ್ಸಿಲ್, ಬಗೆಬಗೆಯ ದಾಳಗಳನ್ನು ಮುಂದಿಟ್ಟುಕೊಂಡು ಮಾತಿನಲ್ಲೇ ಕಥೆ ಕಟ್ಟುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕೆ ಐವತ್ತು ದಾಟಿತು. ಮೊದಲ ದಾಳ ಉರುಳುವ ಮುಂಚೆಯೇ ಇಲ್ಲೊಂದು ತಕರಾರು ಇತ್ಯರ್ಥವಾಗಬೇಕು: ಆಡುವವರು ಯಾವ ಕುಲದವರಾಗಬಹುದು? ಮನುಷ್ಯ, ಎಲ್ಫ್, ಡ್ವಾರ್ಫ್ ಸರಿ. ರಕ್ಕಸನಂಥ ಓರ್ಕ್? ಕೊಂಬು ಬಾಲಗಳ ಟೀಫ್ಲಿಂಗ್? ತೀರ್ಮಾನ ಹೇಳಬೇಕಾದವನು ಆಟ ನಡೆಸುವ ಡಂಜನ್ ಮಾಸ್ಟರ್.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದ ಪುಸ್ತಿಕೆಯಲ್ಲಿ ಔದಾರ್ಯವೇನೋ ಇತ್ತು. ಯಾರಿಗಾದರೂ ಡ್ರ್ಯಾಗನ್ ಆಗುವ ಆಸೆಯಿದ್ದರೆ ಆಗಲಿ, ಬಲವಿಲ್ಲದ ಮರಿಯಾಗಿ ಶುರುಮಾಡಲಿ ಎಂಬ ಸಲಹೆ ಅಲ್ಲಿದೆ. ಅದೇ ಪುಸ್ತಿಕೆಯಲ್ಲಿ ಡ್ವಾರ್ಫ್ ಯೋಧ 6ನೇ ಹಂತ ದಾಟುವಂತಿಲ್ಲ, ಹಾಬಿಟ್ 4ನೆಯದನ್ನು ದಾಟುವಂತಿಲ್ಲ; ಮನುಷ್ಯನಿಗೆ ಮಾತ್ರ ತಡೆಯೇ ಇಲ್ಲ. ಈ ಬೇಲಿ ಪೂರ್ತಿ ಬಿದ್ದದ್ದು 2000ದ ಮೂರನೆಯ ಆವೃತ್ತಿಯಲ್ಲಿ. ಪಂಕ್ತಿಗೆ ಕರೆದು ಕೂರಿಸಿ ಅರ್ಧ ಊಟಕ್ಕೇ ಎಬ್ಬಿಸುವುದಕ್ಕಿಂತ ಬಾಗಿಲಲ್ಲೇ ‘ಇಲ್ಲ’ ಅನ್ನುವುದು ಮರ್ಯಾದೆ ಎಂದು ನನಗನ್ನಿಸುತ್ತದೆ.

‘ಇಲ್ಲ’ ಅನ್ನುವುದಕ್ಕೂ ಒಂದು ಹದವಿದೆ. ಇದೇ ಆಟಕ್ಕೆಂದು 1991ರಲ್ಲಿ ಬಂದ ‘ಡಾರ್ಕ್ ಸನ್’ ನೋಡಿ. ಮಾಟದ ಅತಿಬಳಕೆಯಿಂದ ಸುಟ್ಟು ಮರಳುಗಾಡಾದ ಲೋಕ ಅದು. ಅಲ್ಲಿ ನೋಮ್‌ಗಳಿಲ್ಲ, ಕುಲವೇ ಅಳಿದಿದೆ. ಬೇರೆಡೆ ಚಹಾ, ಒಲೆ, ಹರಟೆಯೆಂದು ಹಾಯಾಗಿರುವ ಹಾಫ್ಲಿಂಗ್‌ಗಳು ಇಲ್ಲಿ ನರಭಕ್ಷಕರು. ಮಿಡತೆಯ ಹಾಗೆ ಜಿಗಿಯುವ ಕೀಟಕುಲ ಥ್ರೀ-ಕ್ರೀನ್ ಆಗಿ ಆಡಲು ಮಾತ್ರ ಅಡ್ಡಿಯಿಲ್ಲ. ಯಾರಿದ್ದಾರೆ, ಯಾರಿಲ್ಲ ಎಂಬುದರಲ್ಲೇ ಆ ಲೋಕದ ಅರ್ಧ ಚರಿತ್ರೆ ತಿಳಿದುಬಿಡುತ್ತದೆ. ಪುಸ್ತಕದಲ್ಲಿರುವುದನ್ನೆಲ್ಲ ಬಿಟ್ಟುಕೊಂಡ ಆಟಗಳಲ್ಲಿ ಈ ಬಿಗಿ ಸಿಗುವುದು ಅಪರೂಪ.

ಲೋಕದ ಕಥೆ ಬೇಡುವ ನಿಷೇಧ ಒಂದು. ‘ಈ ಕುಲದವರು ಹುಟ್ಟಾ ಕ್ರೂರಿಗಳು, ಹುಟ್ಟಾ ದಡ್ಡರು’ ಎನ್ನುವ ನಿಷೇಧ ಇನ್ನೊಂದು. ಎರಡನೆಯದು ಏಕೆ ಸಲ್ಲದೆಂದು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆಟದ ಒಡೆಯರಿಗೆ ಅರಿವಾಗಲು ಹೊತ್ತು ಹಿಡಿಯಿತು. 2016ರ ಪುಸ್ತಕವೊಂದರಲ್ಲೂ ಓರ್ಕ್ ಆದವನ ಬುದ್ಧಿಯ ಅಂಕದಲ್ಲಿ ಎರಡು ಕಡಿತವಿತ್ತು. 2024ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ನ ಹತ್ತು ಕುಲಗಳಲ್ಲಿ ಓರ್ಕ್ ಕಡಿತವಿಲ್ಲದೆ ಕೂತಿದ್ದಾನೆ. ಅರೆ-ಎಲ್ಫ್, ಅರೆ-ಓರ್ಕ್‌ಗಳನ್ನು ಅದೇ ಪಟ್ಟಿಯಿಂದ ಕೈಬಿಟ್ಟದ್ದು ನನಗೆ ಒಗ್ಗಿಲ್ಲ. ಎರಡು ಮನೆಗೂ ಸಲ್ಲದವನ ಕಥೆಯೇ ಅಲ್ಲವೆ ಎಲ್ಲಕ್ಕಿಂತ ರಸವತ್ತಾದದ್ದು?

ನಮ್ಮ ರಾಕ್ಷಸನೂ ಈ ಆಟದಲ್ಲಿದ್ದಾನೆ. ಹುಲಿಯ ತಲೆ ಹೊತ್ತು, ಅಮೆರಿಕದ ಟಿವಿ ಧಾರಾವಾಹಿಯೊಂದರ ಪ್ರೇರಣೆಯಿಂದ 1970ರ ದಶಕದಲ್ಲೇ ಒಳಬಂದ. ಬಂದದ್ದು ಕೊಲ್ಲಿಸಿಕೊಳ್ಳಲಿಕ್ಕೆ. ವಾನರರಿಗೆ ಕೊಂಚ ಅದೃಷ್ಟ: ಇದೇ ಜಾಡಿನ ‘ಪಾತ್‌ಫೈಂಡರ್’ ಆಟದವರು ಅವರನ್ನು ಆಡಬಲ್ಲ ಕುಲವಾಗಿಸಿದರು. ತೆಂಕುತಿಟ್ಟಿನ ಯಕ್ಷಗಾನ ಕಂಡವರಿಗೆ ರಾಕ್ಷಸನ ಈ ಗತಿ ವಿಚಿತ್ರವೆನಿಸೀತು. ಅಲ್ಲಿ ಬಣ್ಣದ ವೇಷದವನು ಗಂಟೆಗಟ್ಟಲೆ ಕೂತು ಮುಖದ ಮೇಲೆ ಚಿಟ್ಟಿ ಇಡುತ್ತಾನೆ; ರಕ್ಕಸನಿಗೂ ಅವನದೇ ಒಡ್ಡೋಲಗವಿದೆ. ಕೊನೆಗೆ ಸಾಯುತ್ತಾನೆ ನಿಜ, ಆದರೆ ಅದಕ್ಕೂ ಮುಂಚೆ ಅವನ ವಾದವನ್ನು ಇಡೀ ಸಭೆ ಕೇಳಿರುತ್ತದೆ.

ಹಾಗಾಗಿ ಓರ್ಕ್ ಆಗಬೇಕೆಂದು ಬಂದವನಿಗೆ ಡಂಜನ್ ಮಾಸ್ಟರ್ ಮೊದಲು ಕೇಳಬೇಕಾದದ್ದು ಅವನ ಕಥೆಯನ್ನು. ನಿನ್ನ ಊರು ಯಾವುದು, ಅಲ್ಲಿ ಏನು ಉಣ್ಣುತ್ತಾರೆ, ಮನುಷ್ಯರ ಪೇಟೆಗೆ ಬಂದರೆ ನಿನ್ನೊಡನೆ ವ್ಯಾಪಾರಕ್ಕೆ ನಿಲ್ಲುವವರು ಯಾರು? ಜವಾಬಿದ್ದರೆ ಸೇರಿಸಿಕೊಳ್ಳಲಿ. ಬರೀ ತೋಳ್ಬಲದ ಅಂಕದ ಮೇಲೆ ಕಣ್ಣಿಟ್ಟು ಬಂದವನಾದರೆ ಅವನನ್ನು ಗೈಗ್ಯಾಕ್ಸ್ 1979ರಲ್ಲೇ ಗುರುತಿಸಿದ್ದ: ದೈತ್ಯನಾಗಬೇಕು ಅನ್ನುವವರಲ್ಲಿ ಬಹುಪಾಲು ಜನರಿಗೆ ಬೇಕಿರುವುದು ಜೊತೆಗಾರರ ಮೇಲೆ ದೊಡ್ಡಸ್ತಿಕೆ. ಅಂಥವನು ಒಂದು ಸುತ್ತು ಮನುಷ್ಯನಾಗಿಯೇ ಆಡಲಿ.