ಮದುವಣಗಿತ್ತಿಯ ಪ್ರವಾಸ, ಜೌಗಿನ ಲೆಕ್ಕ

ಮದುವೆಗೆ ಕೆಲವು ವಾರಗಳಿರುವಾಗ ಮದುವಣಗಿತ್ತಿ ತನ್ನ ಆಪ್ತ ಗೆಳತಿಯರೊಡನೆ ಎರಡು ಮೂರು ದಿನ ವಿಹಾರಕ್ಕೆ ತೆರಳುವುದು ಅಮೆರಿಕದಲ್ಲಿ ಬೇರೂರಿದ ರೂಢಿ. ಅದನ್ನು ‘ಬ್ಯಾಚಲರೆಟ್ ಪಾರ್ಟಿ’ ಎನ್ನುತ್ತಾರೆ. ಫ್ಲಾರಿಡಾ ರಾಜ್ಯದ ಒರ್ಲಾಂಡೊ ಬಳಿಯಿರುವ ವಾಲ್ಟ್ ಡಿಸ್ನಿ ವರ್ಲ್ಡ್ ಇಂತಹ ವಿಹಾರದ ತಾಣಗಳಲ್ಲೊಂದು. ಏರ್ಪಾಡಿನ ಹೊಣೆ ಸಾಮಾನ್ಯವಾಗಿ ವಧುವಿನ ಅತ್ಯಂತ ಹತ್ತಿರದ ಗೆಳತಿಯದು. ಅವಳು ಬರೆದಿಟ್ಟುಕೊಳ್ಳುವ ಪಟ್ಟಿ ಸಣ್ಣದಲ್ಲ. ದಿನಕ್ಕೊಂದು ಬೆಲೆಯಿರುವ ಟಿಕೆಟ್ಟುಗಳಲ್ಲಿ ಅಗ್ಗದ ದಿನ ಯಾವುದು, ರೆಸಾರ್ಟಿನ ಒಂದು ಕೋಣೆಯನ್ನು ಎಷ್ಟು ಜನ ಹಂಚಿಕೊಳ್ಳಬಹುದು, ಸರದಿ ತಪ್ಪಿಸುವ ಸೌಲಭ್ಯಕ್ಕೆ ಬೇರೆ ಹಣ ತೆರಬೇಕೆ, ಊಟದ ಮೇಜನ್ನು 60 ದಿನ ಮೊದಲೇ ಕಾದಿರಿಸಬೇಕೆ, ಎಪ್ಕಾಟ್ ಉದ್ಯಾನದ ಹನ್ನೊಂದು ದೇಶಗಳ ಮಂಟಪಗಳಲ್ಲಿ ಒಂದೊಂದು ಲೋಟ ಪಾನೀಯ ಸವಿಯುತ್ತ ಸುತ್ತಲು ಎಷ್ಟು ಹೊತ್ತು ಬೇಕು, ಎಲ್ಲವೂ ಅದರಲ್ಲಿವೆ. ವಧುವಿಗೆ ಮುಸುಕು ಹೊಲಿದ ಮಿನ್ನಿ ಇಲಿಯ ಕಿವಿಪಟ್ಟಿಯನ್ನೂ ಮರೆತಿಲ್ಲ. ಆ ಪಟ್ಟಿಯಲ್ಲಿ ಇಲ್ಲದಿರುವುದು ಒಂದೇ: ಈ ಸಂಭ್ರಮವನ್ನು ಹೊತ್ತು ನಿಂತಿರುವ ನೆಲ ಮತ್ತು ನೀರಿನ ಲೆಕ್ಕ.

ಇದು ಹೆಣ್ಣುಮಕ್ಕಳ ಸಂಭ್ರಮದ ಮೇಲಿನ ದೂರಲ್ಲ. ಇಂತಹ ವಿಹಾರಗಳ ಮಾತು ಬಂದೊಡನೆ ಸಂಸ್ಕೃತಿಯ ಹೆಸರಿನಲ್ಲಿ ಹುಡುಗಿಯರನ್ನು ಹಳಿಯುವವರು ಎಲ್ಲೆಡೆಯೂ ಇದ್ದಾರೆ. ಮದುವೆಗೆ ಮುನ್ನ ಹೆಂಗಸರು ತಾವೇ ತಾವಾಗಿ ಕಲೆತು ನಗುವುದು ಮಲೆನಾಡಿಗೂ ಹೊಸತಲ್ಲ. ಬಳೆ ತೊಡಿಸುವ ಶಾಸ್ತ್ರ, ಅರಿಶಿನದ ನೀರು, ಸಾಗರ ಸೊರಬದ ದೀವರ ಮನೆಗಳಲ್ಲಿ ಗೋಡೆಯ ಮೇಲೆ ಅರಳುವ ಹಸೆ ಚಿತ್ತಾರ, ಸೋಬಾನೆ ಹಾಡು, ಇವೆಲ್ಲ ಹೆಂಗಸರದೇ ಲೋಕ. ಪ್ರಶ್ನೆ ಕೇಳಬೇಕಾದುದು ಸಂಭ್ರಮಿಸುವವರನ್ನಲ್ಲ. ಸಂಭ್ರಮವನ್ನು ಸರಕಾಗಿ ಮಾರುವ ಜಾಗವನ್ನು.

ಡಿಸ್ನಿ ಸಂಸ್ಥೆ 1960ರ ದಶಕದಲ್ಲಿ ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಕೊಂಡ ಸುಮಾರು 27,000 ಎಕರೆಯಲ್ಲಿ ಬಹುಪಾಲು ಜೌಗು, ಸೈಪ್ರೆಸ್ ಮರಗಳ ತಗ್ಗು ಮತ್ತು ಪೈನ್ ಕಾಡು. 1967ರಲ್ಲಿ ರಾಜ್ಯದ ಶಾಸನಸಭೆ ಈ ನೆಲಕ್ಕೆಂದೇ ‘ರೀಡಿ ಕ್ರೀಕ್’ ಎಂಬ ವಿಶೇಷ ಜಿಲ್ಲೆಯನ್ನು ರಚಿಸಿತು. ಕಟ್ಟಡ ನಿಯಮ, ಚರಂಡಿ, ನೀರು ಸರಬರಾಜಿನ ಅಧಿಕಾರ ಕಾರ್ಯತಃ ಕಂಪನಿಯ ಕೈಗೇ ಬಂದಿತು. ಸುಮಾರು 55 ವರ್ಷಗಳ ತರುವಾಯ, 2023ರಲ್ಲಿ, ರಾಜಕೀಯ ಜಗಳವೊಂದರ ಫಲವಾಗಿ ರಾಜ್ಯಪಾಲರು ನೇಮಿಸುವ ಮಂಡಳಿ ಆ ಸ್ಥಾನಕ್ಕೆ ಬಂದಿತು. ಜಗಳ ನೀರಿನದಾಗಿರಲಿಲ್ಲ ಎಂಬುದನ್ನು ಗಮನಿಸಬೇಕು.

ರೀಡಿ ಕ್ರೀಕ್ ಹಳ್ಳದ ನೀರು ಕಿಸಿಮ್ಮಿ ಕೆರೆಗಳ ಸರಪಣಿಯನ್ನು ಸೇರುತ್ತದೆ. ಅಲ್ಲಿಂದ ಕಿಸಿಮ್ಮಿ ನದಿಯಾಗಿ ಓಕೀಚೋಬಿ ಸರೋವರಕ್ಕೆ, ಮುಂದೆ ಎವರ್‌ಗ್ಲೇಡ್ಸ್ ಎಂಬ ವಿಶ್ವವಿಖ್ಯಾತ ಜೌಗು ನಾಡಿಗೆ. ಅಂದರೆ ಮದುವಣಗಿತ್ತಿಯ ತಂಡ ಕುಣಿಯುವುದು ಒಂದು ಮಹಾ ಜೌಗುಪ್ರದೇಶದ ತಲೆಯ ಮೇಲೆ. ಪ್ರವಾಹ ತಡೆಯಲೆಂದು ಅಮೆರಿಕದ ಸೇನಾ ಇಂಜಿನಿಯರುಗಳು 1962ರಿಂದ 1971ರವರೆಗೆ ಕೆಲಸ ಮಾಡಿ, 166 ಕಿಲೋಮೀಟರು ಬಳುಕುತ್ತಿದ್ದ ಕಿಸಿಮ್ಮಿ ನದಿಯನ್ನು 90 ಕಿಲೋಮೀಟರಿನ ನೇರ ಕಾಲುವೆಯಾಗಿಸಿದರು. ಡಿಸ್ನಿ ವರ್ಲ್ಡ್ ಬಾಗಿಲು ತೆರೆದದ್ದೂ ಅದೇ 1971ರಲ್ಲಿ. ನದಿಯ ಬಯಲು ಒಣಗಿತು. ಚಳಿಗಾಲಕ್ಕೆ ಬರುತ್ತಿದ್ದ ನೀರುಹಕ್ಕಿಗಳು ಶೇಕಡಾ 90ಕ್ಕೂ ಹೆಚ್ಚು ಕಡಿಮೆಯಾದವು. ತಪ್ಪು ತಿದ್ದುವ ಕಾಮಗಾರಿ 1999ರಲ್ಲಿ ಆರಂಭವಾಗಿ 2021ರಲ್ಲಿ ಮುಗಿಯಿತು. ನೂರು ಕೋಟಿ ಡಾಲರಿನಷ್ಟು ವೆಚ್ಚದಲ್ಲಿ ಮರಳಿ ದೊರೆತದ್ದು ಸುಮಾರು 70 ಕಿಲೋಮೀಟರು ನದಿ. ಕೆಡಿಸಲು ಹತ್ತು ವರ್ಷ ಸಾಕಾಯಿತು. ಸರಿಪಡಿಸಲು ಇಪ್ಪತ್ತು ವರ್ಷವೂ ಸಾಲಲಿಲ್ಲ.

ಆದರೂ ಫ್ಲಾರಿಡಾದಿಂದ ಕಲಿಯಬೇಕಾದ ಒಂದು ಪಾಠವಿದೆ. ಅಲ್ಲಿ ಜೌಗು ತುಂಬಿಸುವವರು ಬದಲಿಗೆ ಜೌಗನ್ನು ಉಳಿಸಿಕೊಡಬೇಕೆಂಬ ಕಾನೂನಿದೆ. 1990ರ ದಶಕದ ಆರಂಭದಲ್ಲಿ ಡಿಸ್ನಿ ತನ್ನ ಮುಂದಿನ ಕಟ್ಟಡಗಳಿಗೆ ಅನುಮತಿ ಪಡೆಯಲು ಸುಮಾರು 8,500 ಎಕರೆಯ ಹಳೆಯ ಜಾನುವಾರು ತೋಟವೊಂದನ್ನು ಕೊಂಡು ನೇಚರ್ ಕನ್ಸರ್ವೆನ್ಸಿ ಸಂಸ್ಥೆಗೆ ಒಪ್ಪಿಸಬೇಕಾಯಿತು. ದನಗಳಿಗಾಗಿ ತೋಡಿದ್ದ ಬಸಿಗಾಲುವೆಗಳನ್ನು ಮುಚ್ಚಿ ಅಲ್ಲಿ ಜೌಗನ್ನು ಮರಳಿ ತರಲಾಯಿತು. ಇಂದು ಅದು ಸುಮಾರು 11,500 ಎಕರೆಯ ಸಂರಕ್ಷಿತ ಪ್ರದೇಶ. ಸಂಸ್ಕರಿಸಿದ ಕೊಳಚೆ ನೀರಿನಿಂದ ಗಾಲ್ಫ್ ಮೈದಾನಗಳನ್ನೂ ಉದ್ಯಾನಗಳನ್ನೂ ತಣಿಸುವ ವ್ಯವಸ್ಥೆಯೂ ಅಲ್ಲಿದೆ. ಇಲ್ಲಿ ಕೆಡಿಸಿ ಅಲ್ಲಿ ನೆಟ್ಟರೆ ನಿಸರ್ಗದ ಲೆಕ್ಕ ಸರಿಹೋಗದು, ನಿಜ. ಒಂದು ಜೌಗು ಸಾವಿರಾರು ವರ್ಷಗಳಲ್ಲಿ ಕೂಡಿಟ್ಟ ಮಣ್ಣನ್ನು ಇನ್ನೊಂದು ಎರವಲು ಕೊಡಲಾರದು. ಆದರೆ ಅಲ್ಲಿ ಲೆಕ್ಕವೆಂಬುದು ಕಾಗದದ ಮೇಲಾದರೂ ಇದೆ. ಪ್ರಶ್ನಿಸಲು ಸಾರ್ವಜನಿಕರಿಗೆ ಒಂದು ಅಂಕಿಯಿದೆ.

ಮಲೆನಾಡಿನಲ್ಲಿ ಆ ಅಂಕಿಯೂ ಇಲ್ಲ. ಬೆಂಗಳೂರಿನ ಯುವತಿಯರ ತಂಡಗಳೂ ಈಗ ಮದುವೆಗೆ ಮುನ್ನ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ರೆಸಾರ್ಟುಗಳತ್ತ ಹೊರಟಿವೆ. ಅಲ್ಲಿ ಜೌಗಿನ ಸ್ಥಾನದಲ್ಲಿರುವುದು ಹಡ್ಲು, ಗುಡ್ಡಗಳ ನಡುವಿನ ಗದ್ದೆಬಯಲು. ಮಳೆಗಾಲದ ನೀರನ್ನು ಬದುಗಳ ನಡುವೆ ನಿಲ್ಲಿಸಿಕೊಂಡು, ಜೇಡಿಯ ಮಣ್ಣಿನ ಮೂಲಕ ನಿಧಾನವಾಗಿ ಜಿನುಗಿಸಿ, ಬೇಸಿಗೆಯ ಹಳ್ಳಕ್ಕೂ ಕೆಳಗಿನ ಬಾವಿಗೂ ಉಣಿಸುವುದು ಅದರ ಕೆಲಸ. ಬತ್ತ ಗಿಟ್ಟದೆಂದು ಪಾಳುಬಿದ್ದ ಹಡ್ಲಿಗೆ ಮಣ್ಣು ತುಂಬಿ ಕಾಟೇಜು ಎಬ್ಬಿಸಿದರೆ, ಈಜುಕೊಳಕ್ಕೆ ಕೊಳವೆಬಾವಿ ಕೊರೆದರೆ, ಅದರ ಬದಲಿಗೆ ಎಲ್ಲಿಯೂ ಒಂದು ಗುಂಟೆ ಹಡ್ಲನ್ನು ಉಳಿಸಿಕೊಡಬೇಕೆಂದು ಕೇಳುವವರಿಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ವಲಯದ ಕುರಿತು ಕೇಂದ್ರ ಸರ್ಕಾರ 2024ರ ಜುಲೈನಲ್ಲಿ ಹೊರಡಿಸಿದ ಆರನೆಯ ಕರಡು ಕರ್ನಾಟಕದ 20,668 ಚದರ ಕಿಲೋಮೀಟರನ್ನು ಹೆಸರಿಸಿತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಒಪ್ಪಿದ್ದರೂ ಕಟ್ಟಡಗಳಿಗೆ ಅದು ಹೇಳುವ ನಿಷೇಧ 20,000 ಚದರ ಮೀಟರು ಮತ್ತು ಅದಕ್ಕೂ ಮೇಲ್ಪಟ್ಟ ನಿರ್ಮಾಣಕ್ಕೆ. ಹಡ್ಲು ನುಂಗುವ ಸಣ್ಣ ರೆಸಾರ್ಟುಗಳು ಆ ಜರಡಿಯ ಕಣ್ಣಿನಲ್ಲಿ ಸಲೀಸಾಗಿ ನುಸುಳುತ್ತವೆ.

ಆದುದರಿಂದ ಬೇಡಿಕೆ ಸರಳವಾಗಿರಲಿ. ಪ್ರತಿಯೊಂದು ರೆಸಾರ್ಟೂ ಎಷ್ಟು ನೀರು ಎತ್ತುತ್ತದೆ, ಕೊಳಚೆ ಎಲ್ಲಿಗೆ ಬಿಡುತ್ತದೆ, ಯಾವ ಸರ್ವೆ ನಂಬರಿನ ಗದ್ದೆ ತುಂಬಿಸಿದೆ ಎಂಬುದನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ವರ್ಷಕ್ಕೊಮ್ಮೆ ಬರೆಯಲಿ. ಪರವಾನಗಿ ನವೀಕರಣಕ್ಕೆ ಮುನ್ನ ಗ್ರಾಮಸಭೆ ಅದನ್ನು ಓದಲಿ. ಒರ್ಲಾಂಡೊದಲ್ಲಾಗಲಿ, ಮೂಡಿಗೆರೆಯಲ್ಲಾಗಲಿ, ಪಟ್ಟಿ ಬರೆಯುವ ಗೆಳತಿ ಕೊನೆಯಲ್ಲಿ ಒಂದು ಸಾಲು ಸೇರಿಸಿ ರೆಸಾರ್ಟಿನವರನ್ನೇ ಕೇಳಲಿ: ‘ಇಲ್ಲಿಯ ನೀರು ಎಲ್ಲಿಂದ ಬರುತ್ತದೆ?’ ಊರಿನವರು ನೂರು ಸಲ ಕೇಳಿದರೂ ಸಿಗದ ಉತ್ತರ, ಹಣ ಕೊಡುವ ಅತಿಥಿ ಒಮ್ಮೆ ಕೇಳಿದರೆ ಸಿಕ್ಕೀತು. ಹೊಸ ಸಂಸಾರ ಹೂಡಲಿರುವವಳಿಗೆ ಬಾವಿಯ ನೀರು ಎಷ್ಟು ಆಳದಲ್ಲಿದೆ ಎಂದು ತಿಳಿದುಕೊಳ್ಳುವುದೂ ಶುಭಕಾರ್ಯವೇ.