ಲಕ್ಷದ್ವೀಪ ಲಕ್ಷದ್ವೀಪವಾಗಿಯೇ ಇರಲಿ ಬಿಡಿ

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಫೋಟೋಗಳು ಹರಿದಾಡಿದ್ದೇ ತಡ, ನಮ್ಮ ಆಫೀಸಿನಲ್ಲಿ ಅರ್ಧ ಜನ ರಾತ್ರೋರಾತ್ರಿ ದ್ವೀಪಭಕ್ತರಾದರು. ಮಾಲ್ಡೀವ್ಸ್ ಕ್ಯಾನ್ಸಲ್, ಲಕ್ಷದ್ವೀಪ ಬುಕ್! "ನೀನು ತೆಂಗಿನ ಸೀಮೆಯವನು, ಸ್ವಲ್ಪ ಇಂಟ್ರೋ ಕೊಡು ಗುರು" ಅಂತ ನನ್ನನ್ನೇ ಕೇಳಿದರು. ತುರುವೇಕೆರೆ ತಾಲ್ಲೂಕಿನ ಮಾಯಸಂದ್ರಕ್ಕೂ ಅರಬ್ಬಿ ಸಮುದ್ರಕ್ಕೂ ಏನು ಸಂಬಂಧ? ಇರಲಿ, ಕೇಳಿದ್ದೀರಿ, ಕೊಡ್ತೀನಿ. ಆದರೆ "ಭಾರತದ ಮಾಲ್ಡೀವ್ಸ್" ಅನ್ನೋ ಮಾತನ್ನು ಮೊದಲು ಬಿಡಿ. ಆ ಜಾಗವನ್ನು ಹಾಳು ಮಾಡೋಕೆ ಅದೊಂದು ಮಾತೇ ಸಾಕು.

ಲಕ್ಷದ್ವೀಪ ಅಂದರೆ 36 ದ್ವೀಪ. ಎಲ್ಲವನ್ನೂ ಒಟ್ಟು ಮಾಡಿದರೆ ಸಿಗೋ ನೆಲ 32 ಚದರ ಕಿ.ಮೀ. ಬೆಂಗಳೂರು ಮಹಾನಗರವೇ 700 ಚದರ ಕಿ.ಮೀ. ದಾಟುತ್ತೆ. ಜನ ವಾಸ ಇರೋದು ಹತ್ತು ದ್ವೀಪದಲ್ಲಿ ಮಾತ್ರ. 2011ರ ಜನಗಣತಿಯಲ್ಲಿ 64,473 ಮಂದಿ. ಅಂದರೆ ಚದರ ಕಿ.ಮೀ.ಗೆ ಎರಡು ಸಾವಿರದಷ್ಟು. ಫೋಟೋದಲ್ಲಿ ಖಾಲಿ ಕಾಣುವ ಜಾಗ ಆಗಲೇ ತುಂಬಿದ ಮನೆ.

ಇನ್ನು ನೀರು. ಅಲ್ಲಿ ನದಿಯಿಲ್ಲ, ಹಳ್ಳವಿಲ್ಲ. ಮಳೆ ನೀರು ಹವಳದ ಮರಳಿನೊಳಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲ್ತಾ ನಿಲ್ಲುತ್ತೆ. ಬಾವಿಗೆ ಸಿಗೋದು ಅದೇ. ಹೆಚ್ಚು ಎಳೆದರೆ ಉಪ್ಪು ಮೇಲೇರುತ್ತೆ. ನಮ್ಮ ಕಡೆ ಒಂದು ಬೋರ್ ಒಣಗಿದರೆ ಇನ್ನೊಂದನ್ನು ಇನ್ನೂ ಆಳಕ್ಕೆ ಕೊರೆಸ್ತೀವಿ. ಅದರ ಫಲ ಏನು ಅಂತ ಸುಳಿ ಒಣಗಿ ನಿಂತ ಮರಗಳನ್ನು ನೋಡಿದರೆ ಗೊತ್ತಾಗುತ್ತೆ. ಅಲ್ಲಿ ಆಳಕ್ಕೆ ಹೋದರೆ ಸಿಗೋದು ಸಮುದ್ರ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡೋ ಘಟಕ ಶುರುವಾಯಿತು, ಸಾಮರ್ಥ್ಯ ದಿನಕ್ಕೆ 1 ಲಕ್ಷ ಲೀಟರ್. ಊರಿನ ಜನ ಹನ್ನೊಂದು ಸಾವಿರ. ತಲೆಗೆ ಹತ್ತು ಲೀಟರೂ ಬರಲ್ಲ. ರೆಸಾರ್ಟಿನ ಶವರ್ ಐದು ನಿಮಿಷಕ್ಕೆ ಎಷ್ಟು ಸುರಿಯುತ್ತೆ, ನೀವೇ ಲೆಕ್ಕ ಹಾಕಿ.

ಈ ದ್ವೀಪಗಳನ್ನು ಹೊತ್ತಿರೋದು ಹವಳ. ಅಲೆಗೆ ಅಡ್ಡ ನಿಂತಿರೋದೂ ಅದೇ. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಅದು ಬಿಳಿಚಿಕೊಂಡಿತು. ಬಂಗಾರಂ ಪಕ್ಕದ, ಜನವಸತಿಯಿಲ್ಲದ ಪರಲಿ-1 ಅನ್ನೋ ದ್ವೀಪ ಕೊರೆದುಹೋಗಿ ಮುಳುಗಿದ್ದು 2017ರಲ್ಲಿ ಸುದ್ದಿಯಾಯಿತು. ಅದಾದ ಮೇಲೂ ಮಿನಿಕಾಯ್, ಸುಹೇಲಿ, ಕಡಮತ್‌ಗಳ ತಿಳಿನೀರಿನಲ್ಲಿ ಕಂಬ ನೆಟ್ಟು ವಾಟರ್ ವಿಲ್ಲಾ ಕಟ್ಟೋ ಯೋಜನೆ ಬಂತು. ಮಾಲ್ಡೀವ್ಸ್ ಥರಾನೇ ಬೇಕಲ್ವಾ ನಮಗೆ!

ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇಂಥದ್ದೇ ಒಂದು ರೆಸಾರ್ಟಿನ ಫೋಟೋ ತೋರಿಸಿದೆ. "ಏನ್ಲಾ, ಮರದಾಗೆ ಒಂದ್ ಕಾಯೂ ಇಲ್ವಲ್ಲ?" ಅಂದರು. ಗೆಸ್ಟುಗಳ ತಲೆ ಮೇಲೆ ಬೀಳದಿರಲಿ ಅಂತ ಕೀಳಿಸಿಬಿಡ್ತಾರೆ ಅಂದೆ. ಅವರು ನಂಬಲಿಲ್ಲ. ಅಟ್ಟದ ಮೇಲೆ ವರ್ಷದ ಹತ್ತಿರ ಕಾಯಿ ಇಟ್ಟು, ಉಂಡೆ ಕೊಬ್ಬರಿ ಮಾಡಿ, ತಿಪಟೂರಿನ ಹರಾಜಿನ ರೇಟು ನೋಡಿಕೊಂಡು ಬದುಕೋರು ಅವರು. ದ್ವೀಪದವರಿಗೂ ತೆಂಗು ಅಂದರೆ ಕೊಬ್ಬರಿ, ನಾರು, ಬೆಲ್ಲ. ಫೋಟೋದ ಹಿಂದಿನ ಪರದೆ ಅಲ್ಲ.

ಸಂಬಂಧ ಏನು ಅಂದೆನಲ್ಲ, ಇದೆ. ಆ ನಾರು ಮಂಗಳೂರಿಗೆ ಬಂದು, ಇಲ್ಲಿಂದ ಅಕ್ಕಿ ಹೋಗ್ತಿತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಇಷ್ಟೂ ಹಿಂದೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬೇರೆಯಾಗಿದ್ದು ನಾವು ರಾಜ್ಯೋತ್ಸವ ಆಚರಿಸೋ ದಿನವೇ, 1956ರ ನವೆಂಬರ್ 1ರಂದು. ಇವತ್ತಿಗೂ ಮಂಗಳೂರಿನ ಹಳೇ ಬಂದರಿನಿಂದ ಅಲ್ಲಿಗೆ ಸರಕು ಹೋಗುತ್ತೆ. ಹಳೇ ನೆಂಟರ ಮನೆ ಅನ್ನಿ.

ನೆಂಟರ ಮನೆಗೆ ಹೇಳದೆ ನುಗ್ಗೋಕಾಗುತ್ತಾ? "ನಮ್ಮದೇ ದೇಶದಲ್ಲಿ ಓಡಾಡೋಕೆ ಪರ್ಮಿಟ್ ಯಾಕೆ?" ಅಂತ ರೇಗೋರಿಗೆ ಒಂದು ನೆನಪು: ಅದೇ 2024ರ ಜನವರಿ, ಗಣರಾಜ್ಯೋತ್ಸವದ ರಜೆ, ಕುಮಾರಪರ್ವತ. ಇರುವೆ ಸಾಲಿನಂಥ ಆ ಕ್ಯೂ ನೋಡಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಯೆಲ್ಲ ಅರಣ್ಯ ಇಲಾಖೆ ಚಾರಣವನ್ನೇ ನಿಲ್ಲಿಸಬೇಕಾಯಿತು. ಅಲ್ಲಿದ್ದೋರು ನಾವೇ. ಬೆಟ್ಟಕ್ಕೇ ನಮ್ಮನ್ನು ತಾಳಿಕೊಳ್ಳೋಕೆ ಆಗಲಿಲ್ಲ, ಇನ್ನು ಮರಳಿನ ದಿಬ್ಬ ತಾಳುತ್ತಾ?

ಹಾಗಾದರೆ ಅಲ್ಲಿಯವರಿಗೆ ದುಡಿಮೆ ಬೇಡವಾ? ಬೇಕು. ಮೀನು, ಕೊಬ್ಬರಿ ಎರಡನ್ನೇ ನಂಬಿ ಕೂತಿರಿ ಅಂತ ಬೆಂಗಳೂರಲ್ಲಿ ಕೂತು ಉಪದೇಶ ಮಾಡೋ ಹಕ್ಕು ನನಗಿಲ್ಲ. ಆದರೆ 2021ರಲ್ಲಿ ಭೂಮಿ ಅಭಿವೃದ್ಧಿಯ ಕರಡು ನಿಯಮ ಬಂದಾಗ ಅವರು ಮನೆಮನೆಯಲ್ಲಿ ಉಪವಾಸ ಕೂತರು, ನೆಲ ಕೈತಪ್ಪುತ್ತೆ ಅನ್ನೋ ಭಯಕ್ಕೆ. ಹೋಮ್‌ಸ್ಟೇ ಅವರದೇ ಆಗಿರಲಿ, ದೋಣಿ ಅವರದೇ ಆಗಿರಲಿ, ಎಷ್ಟು ಜನ ಬರಬೇಕು ಅನ್ನೋದನ್ನೂ ಅವರೇ ಹೇಳಲಿ. ನಾನು ಕೇಳ್ತಿರೋದು ಇಷ್ಟೇ.

ಹೋಗೋರಿಗೆ: ಕೊಚ್ಚಿಯಿಂದ ಹಡಗಿದೆ, ಅಗತ್ತಿಗೆ ವಿಮಾನವಿದೆ. ಮುಂಗಾರು ಬಿಟ್ಟು ಹೋಗಿ. ಪರ್ಮಿಟ್ ಮೊದಲೇ ಮಾಡಿಸಿ. ಹೆಚ್ಚುಕಡಿಮೆ ಎಲ್ಲ ಕಡೆ ಎಣ್ಣೆ ನಿಷೇಧ, ಗೊಣಗಬೇಡಿ. ಹವಳದ ಚೂರು ಜೇಬಿಗೆ ಹಾಕಿಕೊಂಡರೆ ಅದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನಿಮ್ಮ ಪ್ಲಾಸ್ಟಿಕ್ ನಿಮ್ಮ ಬ್ಯಾಗಲ್ಲೇ ವಾಪಸ್ ಬರಲಿ.

ಬರೀ ತೆಂಗಿನ ಮರದ ಕೆಳಗೆ ಫೋಟೋ ಬೇಕು ಅನ್ನೋರು ಮಾಯಸಂದ್ರಕ್ಕೆ ಬನ್ನಿ. ಪರ್ಮಿಟ್ ಬೇಡ, ಎಳನೀರು ಚಿಕ್ಕಪ್ಪ ಕೊಡ್ತಾರೆ. ಕಾರು ಮಾತ್ರ ಮರದ ಕೆಳಗೆ ನಿಲ್ಲಿಸಬೇಡಿ. ನಮ್ಮ ಮರದಲ್ಲಿ ಕಾಯಿ ಇರುತ್ತೆ.