ಗಲ್ಫ್‌ನ ಮನೆಗೆಲಸ: ವಿಸಿಟ್ ವೀಸಾದಲ್ಲಿ ಹೋದವರನ್ನು ಹುಡುಕೋದು ಹೇಗೆ?

ಕುವೈತ್‌ಗೆ ಮನೆಗೆಲಸಕ್ಕೆ ಹೋಗಿ ಸಿಲುಕಿಕೊಂಡಿದ್ದ ನಮ್ಮ ಜಿಲ್ಲೆಯ ಮಹಿಳೆಯೊಬ್ಬರು 2022ರಲ್ಲಿ ಜಿಲ್ಲಾಡಳಿತ ಮತ್ತು ಭಾರತೀಯ ರಾಯಭಾರ ಕಚೇರಿಯ ಪ್ರಯತ್ನದಿಂದ ವಾಪಸ್ ಬಂದದ್ದು ಓದುಗರಿಗೆ ನೆನಪಿರಬಹುದು. ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಸುದ್ದಿ ಓಡಾಡಿತು, ಎಲ್ಲರೂ ಖುಷಿಪಟ್ಟೆವು, ಅಲ್ಲಿಗೆ ಮುಗೀತು. ಇಂಥವರು ಇಲ್ಲಿಂದ ಯಾವ ದಾರಿಯಲ್ಲಿ ಹೋಗ್ತಾರೆ ಅನ್ನೋದರ ಬಗ್ಗೆ ಮಾತ್ರ ಯಾರೂ ಹೆಚ್ಚು ಮಾತಾಡಲಿಲ್ಲ.

ಮೊದಲು ಪಾಸ್‌ಪೋರ್ಟ್ ವಿಷಯ. ಹತ್ತನೇ ಕ್ಲಾಸ್ ಪಾಸಾಗದವರಿಗೆ ಸಾಮಾನ್ಯವಾಗಿ ಇಸಿಆರ್ ಪಾಸ್‌ಪೋರ್ಟ್ ಸಿಗುತ್ತದೆ. ಅಂದರೆ ಕುವೈತ್, ಸೌದಿ, ಒಮಾನ್, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಕೇಂದ್ರ ಸರ್ಕಾರದ ವಲಸೆ ಅನುಮತಿ ಬೇಕು. 1983ರ ಎಮಿಗ್ರೇಷನ್ ಕಾಯ್ದೆಯಿಂದ ಬಂದ ನಿಯಮ ಇದು. ನಾನು ಡಿಗ್ರಿ ಅರ್ಧಕ್ಕೆ ಬಿಟ್ಟವನು. ಆದರೂ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ಇದೆ ಅನ್ನೋ ಒಂದೇ ಕಾರಣಕ್ಕೆ ನನಗೆ ಈ ತಾಪತ್ರಯ ಇಲ್ಲ. ಲೈನ್‌ಮನೆಯಲ್ಲಿ ಬೆಳೆದು ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ತೋಟದ ಕೆಲಸಕ್ಕೆ ಹೋದ ಹೆಣ್ಣುಮಕ್ಕಳಿಗೆ ಇದೆ.

ಅವರ ಮೇಲೆ ಇನ್ನೂ ಎರಡು ಷರತ್ತು. 30 ವರ್ಷ ತುಂಬದ ಇಸಿಆರ್ ಮಹಿಳೆಗೆ ಅನುಮತಿಯೇ ಇಲ್ಲ. ತುಂಬಿದವರನ್ನೂ ಖಾಸಗಿ ಏಜೆಂಟ್ ಕಳಿಸುವಂತಿಲ್ಲ, ಸರ್ಕಾರಿ ಸಂಸ್ಥೆಗಳ ಮೂಲಕವೇ ನೇಮಕ ಆಗಬೇಕು. ಉದ್ದೇಶ ಒಳ್ಳೆಯದೇ. ಆದರೆ ಮುಂಬಾಗಿಲು ಇಷ್ಟು ಬಿಗಿ ಮಾಡಿದರೆ ಜನ ಹಿಂಬಾಗಿಲು ಹುಡುಕುತ್ತಾರೆ. ಆ ಹಿಂಬಾಗಿಲೇ ವಿಸಿಟ್ ವೀಸಾ.

ವಿಸಿಟ್ ವೀಸಾದಲ್ಲಿ ಹೋಗುವವರಿಗೆ ವಲಸೆ ಅನುಮತಿ ಬೇಕಿಲ್ಲ. ಅವರು ಕೆಲಸಕ್ಕಲ್ಲ, ಸುತ್ತಾಡಲು ಹೋಗ್ತಿದ್ದಾರೆ ಅಂತ ಲೆಕ್ಕ. "ಅಲ್ಲಿ ಹೋದ್ಮೇಲೆ ವೀಸಾ ಚೇಂಜ್ ಮಾಡ್ಕೊಡ್ತಾರೆ" ಅಂತ ಏಜೆಂಟ್ ಹೇಳ್ತಾನೆ. ಒಂದಿಬ್ಬರಿಗೆ ಹಾಗೆ ಆಗಿರಲೂಬಹುದು, ಅದಕ್ಕೇ ಮಾತು ನಂಬಿಕೆ ಬರೋ ಹಾಗಿರುತ್ತೆ. ಆಗದಿದ್ದರೆ? ವೀಸಾ ಅವಧಿ ಮುಗಿದ ಮಾರನೇ ದಿನದಿಂದ ಅವರು ಆ ದೇಶದಲ್ಲಿ ಅಕ್ರಮವಾಸಿ. ಯುಎಇಯಲ್ಲಿ ದಿನಕ್ಕೆ 50 ದಿರ್ಹಮ್ ದಂಡ ಬೀಳುತ್ತದೆ, ಅದು ನಮ್ಮ ತೋಟದ ಒಂದು ದಿನದ ಕೂಲಿಗಿಂತ ಜಾಸ್ತಿ. ಸಂಬಳ ಕೊಡದ ಮಾಲೀಕನ ಮೇಲೆ ದೂರು ಕೊಡೋಣ ಅಂದರೆ ಕೈಯಲ್ಲಿ ಕರಾರುಪತ್ರವೂ ಇರೋದಿಲ್ಲ.

ಸರಿಯಾದ ದಾರಿಯಲ್ಲಿ ಹೋದವರ ಮಾಹಿತಿ ಸರ್ಕಾರದ ಇ-ಮೈಗ್ರೇಟ್ ವ್ಯವಸ್ಥೆಯಲ್ಲಿ ದಾಖಲಾಗುತ್ತದೆ: ಮಾಲೀಕ ಯಾರು, ಸಂಬಳ ಎಷ್ಟು, ಕಳಿಸಿದವರು ಯಾರು. ಜೊತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ ಪ್ರೀಮಿಯಂ, ಅಪಘಾತದಲ್ಲಿ ಸತ್ತರೆ ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ. ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋದವರಿಗೆ ಆ ದಾಖಲೆಯೂ ಇಲ್ಲ, ಈ ವಿಮೆಯೂ ಇಲ್ಲ.

ಇನ್ನು ರಾಯಭಾರ ಕಚೇರಿ. ಊರಲ್ಲಿ ಇದರ ಬಗ್ಗೆ ಎರಡು ಥರದ ಮಾತಿದೆ. ಅವರು ಮನಸ್ಸು ಮಾಡಿದರೆ ನಾಳೆಯೇ ಕಳಿಸ್ತಾರೆ ಅಂತ ಕೆಲವರು, ಅವರು ಏನೂ ಮಾಡಲ್ಲ ಅಂತ ಕೆಲವರು. ಎರಡೂ ಪೂರ್ತಿ ನಿಜವಲ್ಲ. ಮಾಲೀಕನ ಮನೆ ಬಾಗಿಲು ತಳ್ಳಿ ಒಳಗೆ ಹೋಗುವ ಅಧಿಕಾರ ನಮ್ಮ ಕಚೇರಿಗೆ ಇಲ್ಲ, ಅಲ್ಲಿನ ಪೊಲೀಸರ ಮೂಲಕವೇ ಹೋಗಬೇಕು. ಕೆಲಸಗಾರರ ಪಾಸ್‌ಪೋರ್ಟ್ ಮಾಲೀಕ ಇಟ್ಟುಕೊಳ್ಳಬಾರದು ಅಂತ ಕುವೈತ್‌ನ 2015ರ ಮನೆಗೆಲಸದವರ ಕಾನೂನೇ ಹೇಳುತ್ತದೆ. ಆದರೂ ಇಟ್ಟುಕೊಳ್ಳುತ್ತಾರೆ. ಹೊರಗೆ ಬಂದರೆ 'ಓಡಿಹೋದಳು' ಅಂತ ದೂರು ಕೊಡುತ್ತಾರೆ. ಆ ದೂರು ಬಿದ್ದರೆ ಸಂತ್ರಸ್ತೆಯೇ ಆರೋಪಿ. ಅಂಥವರಿಗೆ ಕುವೈತ್‌ನ ನಮ್ಮ ರಾಯಭಾರ ಕಚೇರಿಯ ಆಶ್ರಯಗೃಹ ಇದೆ. ಪಾಸ್‌ಪೋರ್ಟ್ ಇಲ್ಲದವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ, ಅದು ಒಂದು ಸಲ ಊರಿಗೆ ಬರೋಕೆ ಮಾತ್ರ. ದುಡ್ಡಿಲ್ಲದವರ ಟಿಕೆಟ್‌ಗೆ 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ.

ಆದರೆ ಇದೆಲ್ಲ ಆಗಬೇಕಾದರೆ ಆಕೆ ಯಾರು, ಎಲ್ಲಿದ್ದಾಳೆ ಅಂತ ಅವರಿಗೆ ಗೊತ್ತಾಗಬೇಕು. ಪೆಚ್ಚಾಗೋದು ಇಲ್ಲೇ. ಲೈನ್‌ಮನೆಯಲ್ಲಿ ಉಳಿದ ತಾಯಿ ಹತ್ತಿರ ಪಾಸ್‌ಪೋರ್ಟ್ ನಂಬರ್ ಇಲ್ಲ, ವೀಸಾದ ಪ್ರತಿ ಇಲ್ಲ. ಇರೋದು ಒಂದು ವಾಟ್ಸ್‌ಆ್ಯಪ್ ನಂಬರ್, ಅದೂ ಸ್ವಿಚ್ ಆಫ್.

ಹಾಗಾಗಿ ನಮ್ಮ ತಾಲೂಕಿನ ಅಂಗಡಿಯವರಿಗೆ, ಅದರಲ್ಲೂ ಝೆರಾಕ್ಸ್, ಸೈಬರ್, ಟ್ರಾವೆಲ್ಸ್ ಇಟ್ಟಿರೋರಿಗೆ ಒಂದು ಮಾತು. ಈ ಕಾಗದಗಳು ನಿಮ್ಮ ಕೈ ದಾಟಿಯೇ ಹೋಗೋದು. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಇವುಗಳ ಇನ್ನೊಂದು ಸೆಟ್ ತೆಗೆದು ಮನೆಯವರ ಕೈಗೆ ಕೊಡಿ. ವೀಸಾದಲ್ಲಿ 'ವಿಸಿಟ್' ಅಥವಾ 'ಟೂರಿಸ್ಟ್' ಅಂತ ಇದ್ದು, ಮನೆಯವರು "ಕೆಲಸಕ್ಕೆ" ಅಂದರೆ, ಅಲ್ಲೇ ಒಂದು ಮಾತು ಹೇಳಿಬಿಡಿ. ಓದಲು ಬಾರದವರಿಗೆ ಆ ಒಂದು ಪದ ಓದಿ ಹೇಳೋರು ಅಲ್ಲಿ ನೀವೊಬ್ಬರೇ ಇರಬಹುದು.

ಏಜೆಂಟರ ವಿಷಯ ಬೇಗ ಹೇಳಿ ಮುಗಿಸ್ತೀನಿ. ಟಿಕೆಟ್ ಮಾಡಿಸೋ ಟ್ರಾವೆಲ್ಸ್‌ಗೆ ವಿದೇಶಕ್ಕೆ ಆಳು ಕಳಿಸೋ ಲೈಸೆನ್ಸ್ ಇದೆ ಅಂತ ಅರ್ಥ ಅಲ್ಲ. ನೋಂದಾಯಿತ ಏಜೆಂಟರ ಪಟ್ಟಿ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಅವರೂ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಸೇವಾಶುಲ್ಕ ತಗೊಳ್ಳುವಂತಿಲ್ಲ. ಊರೂರು ತಿರುಗೋ ಸಬ್ ಏಜೆಂಟ್‌ಗೆ ಕಾನೂನಲ್ಲಿ ಜಾಗವೇ ಇಲ್ಲ.

ಈಗಾಗಲೇ ತೊಂದರೆಯಲ್ಲಿ ಇರುವವರ ಮನೆಯವರು ಊರಲ್ಲೇ ಕೂತು ವಿದೇಶಾಂಗ ಸಚಿವಾಲಯದ 'ಮದದ್' ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು, 2015ರಿಂದ ಇದೆ. ಶುಲ್ಕರಹಿತ ಸಹಾಯವಾಣಿ 1800 11 3090. ಜೊತೆಗೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ಳಿ. 2022ರಲ್ಲಿ ಕೆಲಸ ಆಗಿದ್ದು ಜಿಲ್ಲಾಡಳಿತ ಕೈಹಾಕಿದ ಮೇಲೆ.

ಮಾಕುಟ್ಟ ಘಾಟಿ ಇಳಿದರೆ ಕೇರಳ. ಅಲ್ಲಿ 1996ರಿಂದಲೇ ವಿದೇಶದಲ್ಲಿರುವ ತಮ್ಮವರಿಗೆ ಅಂತ ನೋರ್ಕಾ ಅನ್ನೋ ಪ್ರತ್ಯೇಕ ಇಲಾಖೆ ಇದೆ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಸರ್ಕಾರದ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ, ಎರಡೂ ಬೆಂಗಳೂರಲ್ಲಿ. ಸಿದ್ದಾಪುರದ ತೋಟದಿಂದ ಬೆಂಗಳೂರಿಗೆ ಹೋಗಿ ವಿಚಾರಿಸಿ ಬರೋದಂದ್ರೆ ಎರಡು ದಿನದ ಕೂಲಿ ಹೋಯ್ತು. ದೊಡ್ಡ ಕಚೇರಿ ಬರೋವರೆಗೆ ಕಾಯಬೇಕಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ಒಂದು ರಿಜಿಸ್ಟರ್ ಇಟ್ಟು, ಹೊರದೇಶಕ್ಕೆ ಕೆಲಸಕ್ಕೆ ಹೋದವರ ಹೆಸರು, ಪಾಸ್‌ಪೋರ್ಟ್ ನಂಬರ್, ಕಳಿಸಿದವರ ಫೋನ್ ಬರೆದುಕೊಂಡರೆ ಮದದ್‌ನಲ್ಲಿ ದೂರು ಹಾಕುವಾಗ ಕೇಳುವ ಅರ್ಧ ಮಾಹಿತಿ ಅದರಲ್ಲೇ ಸಿಗುತ್ತದೆ. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಲು ಅಡ್ಡಿಯೇನಿಲ್ಲ.